ಕುರ್ಚಿ ಹೋಯಿತು, ಇಡ್ಲಿ ಉಳಿಯಿತು

ಬೆಂಗಳೂರಿನ ಹೋಟೆಲಿನವರಿಗೆ ಇಡ್ಲಿಯ ಬೆಲೆ ಏರಿಸುವಷ್ಟು ಅಳುಕಿನ ಕೆಲಸ ಇನ್ನೊಂದಿಲ್ಲ. ಎರಡು ರೂಪಾಯಿ ಹೆಚ್ಚಾದರೂ ದಿನವೂ ಬರುವ ಗಿರಾಕಿ ಗಲ್ಲಾದ ಮುಂದೆ ನಿಂತು ಕೇಳಿಯೇ ಕೇಳುತ್ತಾನೆ. ಅದಕ್ಕೇ ಇವರು ಬೆಲೆಗೆ ಕೈ ಹಾಕುವ ಮೊದಲು ಬೇರೆ ಏನನ್ನಾದರೂ ಕಳೆಯುತ್ತ ಬಂದಿದ್ದಾರೆ.

ಮೊದಲು ಹೋದದ್ದು ಅಕ್ಕಿ. ಉಡುಪಿ ಕಡೆಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಶುರು ಮಾಡಿದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್ ಆಯಿತು. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಕ್ಕಿಗೆ ತತ್ವಾರವಾದಾಗ ಇಲ್ಲಿ ರವೆಯಲ್ಲಿ ಇಡ್ಲಿ ಮಾಡಿ ನೋಡಿದರಂತೆ. ಅಭಾವ ಮುಗಿಯಿತು, ರವಾ ಇಡ್ಲಿ ಮಾತ್ರ ಹೋಗಲಿಲ್ಲ.

ತುರ್ತುಪರಿಸ್ಥಿತಿಯ ಪೆಟ್ಟು ಬೇರೆ ಬಗೆಯದು. ಆಗ ಹೋಟೆಲು ತಿಂಡಿಯ ದರವನ್ನು ಸರಕಾರವೇ ಕಟ್ಟಿಹಾಕಿತು. ಎಂಟಿಆರ್‌ನವರು ಗುಣಮಟ್ಟ ಇಳಿಸಲು ಒಪ್ಪಲಿಲ್ಲ. ದಿನದಿನದ ನಷ್ಟವನ್ನು ಬೋರ್ಡಿನಲ್ಲಿ ಬರೆದು ಬಾಗಿಲಲ್ಲಿ ಇಟ್ಟರು. ಕೊನೆಗೆ ಕೆಲಕಾಲ ಹೋಟೆಲು ಮುಚ್ಚಿದರು. ಕೆಲಸಗಾರರನ್ನು ಮನೆಗೆ ಕಳಿಸುವ ಬದಲು ಪುಡಿ, ಮಿಕ್ಸ್‌ಗಳ ತಯಾರಿಕೆಗೆ ಹಚ್ಚಿದರು. ಈ ಪೊಟ್ಟಣದ ವ್ಯವಹಾರ ಎಷ್ಟು ಬೆಳೆಯಿತೆಂದರೆ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಅದನ್ನು ಕೊಂಡಿತು. ಹೋಟೆಲು ಮನೆಯವರ ಕೈಯಲ್ಲೇ ಉಳಿಯಿತು. ದರ ನಿಯಂತ್ರಣವನ್ನು ಇದಕ್ಕಾಗಿ ಹೊಗಳಬೇಕಿಲ್ಲ. ಅದೇ ಪೆಟ್ಟಿಗೆ ಸದ್ದಿಲ್ಲದೆ ಬಾಗಿಲು ಹಾಕಿದ ಸಣ್ಣ ಹೋಟೆಲುಗಳ ಕಥೆಯನ್ನು ಯಾರೂ ಬರೆದಿಡುವುದಿಲ್ಲ.

ಎಲ್ಲಕ್ಕಿಂತ ಜಾಣ ಕಳೆಯುವಿಕೆ 1983ರಲ್ಲಿ ಆಯಿತು. ಜಯನಗರದಲ್ಲಿ ಆರ್. ಪ್ರಭಾಕರ್ ತೆರೆದ ಕೆಫೆ ದರ್ಶಿನಿಯಲ್ಲಿ ಕುರ್ಚಿ ಇರಲಿಲ್ಲ, ಆರ್ಡರು ಕೇಳಲು ಬರುವ ಮಾಣಿಯೂ ಇರಲಿಲ್ಲ. ಮೊದಲು ದುಡ್ಡು, ಆಮೇಲೆ ಟೋಕನ್, ಕಣ್ಣೆದುರೇ ಅಡುಗೆಮನೆ, ನಿಂತೇ ತಿಂಡಿ. ಕೂತ ಗಿರಾಕಿ ಪತ್ರಿಕೆ ಓದುತ್ತ ಅರ್ಧ ಗಂಟೆ ಕಳೆಯುತ್ತಾನೆ, ನಿಂತವನು ಹತ್ತು ನಿಮಿಷಕ್ಕೆ ಹೊರಡುತ್ತಾನೆ. ಹೀಗೆ ಅದೇ ಬಾಡಿಗೆಯ ಚಿಕ್ಕ ಜಾಗದಲ್ಲಿ ಹಲವು ಪಟ್ಟು ವ್ಯಾಪಾರ. ಸ್ವಲ್ಪ ಸಮಯದಲ್ಲೇ ಬಡಾವಣೆಗೊಂದು ದರ್ಶಿನಿ ಹುಟ್ಟಿತು. ಉಳಿತಾಯದ ಒಂದು ಭಾಗ ಗಿರಾಕಿಯ ಕಾಲುಗಳಿಂದ ಬಂದದ್ದು ಎಂಬುದನ್ನು ನಾವ್ಯಾರೂ ಲೆಕ್ಕ ಹಾಕಲಿಲ್ಲ. ಗಿರಾಕಿಯೂ ಕಡಿಮೆಯವನಲ್ಲ ಬಿಡಿ, ಅವನ ಹತ್ತಿರ ಬೈಟು ಕಾಫಿ ಇತ್ತು.

2014ರಲ್ಲಿ ಕೋರಮಂಗಲದಲ್ಲಿ ಸ್ವಿಗ್ಗಿ ಶುರುವಾದ ಮೇಲೆ ಕುಳಿತು ತಿನ್ನುವ ಹಾಲ್ ಕೂಡ ಕಳೆಯಬಹುದಾದ ವಸ್ತುವಾಯಿತು. ಬರೀ ಅಡುಗೆಮನೆ ಸಾಕು, ಪಾರ್ಸೆಲ್ ಹೋದರಾಯಿತು. ಆದರೆ ಹಾಲ್‌ನ ಬಾಡಿಗೆ ಉಳಿದಲ್ಲಿ ಕಮಿಷನ್ ಬಂದು ಕೂತಿತು. ಬಾಡಿಗೆ ತಿಂಗಳಿಗೊಮ್ಮೆ ಕೊಡುವಂಥದ್ದು, ಕಮಿಷನ್ ಪ್ರತಿ ದೋಸೆಗೂ.

2017 ಎರಡು ಕಡೆಯಿಂದ ಒತ್ತಿತು. ಆಗಸ್ಟಿನಲ್ಲಿ ಬಂದ ಇಂದಿರಾ ಕ್ಯಾಂಟೀನಿನಲ್ಲಿ ಬೆಳಗಿನ ತಿಂಡಿಗೆ 5 ರೂಪಾಯಿ, ಊಟಕ್ಕೆ 10. ನವೆಂಬರಿನಲ್ಲಿ ಹೋಟೆಲುಗಳ ಜಿಎಸ್‌ಟಿ ಶೇ. 5ಕ್ಕೆ ಇಳಿಯಿತು. ಗಿರಾಕಿಗೆ ಸಂತೋಷವೇ. ಆದರೆ ಮಾಲೀಕ ತಾನು ಕೊಂಡ ಸರಕಿನ ಮೇಲೆ ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಅವಕಾಶವೂ ಅದರೊಂದಿಗೆ ಹೋಯಿತು. 19 ಕಿಲೋ ಸಿಲಿಂಡರಿನ ಮೇಲಿನ ತೆರಿಗೆ ಅಂದಿನಿಂದ ನೇರವಾಗಿ ಖರ್ಚಿನ ಬಾಬತ್ತು.

ಈಚೆಗೆ ಕಾಫಿಯೇ ಕೈಕೊಟ್ಟಿದೆ. ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಮಳೆ ಕೈಕೊಟ್ಟು ಬೀಜದ ಬೆಲೆ ಗಗನಕ್ಕೇರಿತು. ಚಿಕ್ಕಮಗಳೂರು, ಕೊಡಗಿನ ಬೆಳೆಗಾರನಿಗೆ ಅದು ಬಹಳ ವರ್ಷಗಳ ಮೇಲೆ ಬಂದ ಒಳ್ಳೆಯ ಕಾಲ, ಬಸವನಗುಡಿಯ ಹೋಟೆಲಿನವನಿಗೆ ತಲೆನೋವು. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಲೋಟವಂತೂ ಮೊದಲೇ ಕುಗ್ಗಿತ್ತು.

2021ರಲ್ಲಿ ಇಂದಿರಾನಗರದಲ್ಲಿ ಆರಂಭವಾದ ರಾಮೇಶ್ವರಂ ಕೆಫೆ ತದ್ವಿರುದ್ಧ ದಾರಿ ಹಿಡಿಯಿತು: ನಿಂತು ತಿನ್ನುವುದು ದರ್ಶಿನಿಯದೇ, ತುಪ್ಪ ಧಾರಾಳ, ಬೆಲೆಯೂ ಧಾರಾಳ. ಜನ ಸಾಲಿನಲ್ಲಿ ನಿಂತರು. ಇಡ್ಲಿಗೆ ಹೆಚ್ಚು ಕೊಡಲು ಸಿದ್ಧವಿರುವ ಗಿರಾಕಿಯೂ ಇದ್ದಾನೆಂದು ಇದರಿಂದ ಗೊತ್ತಾಯಿತಾದರೂ ಆ ಗಿರಾಕಿ ಎಲ್ಲ ಬಡಾವಣೆಗಳಲ್ಲೂ ಸಿಗುವುದಿಲ್ಲ. ಪಿಂಚಣಿದಾರರು, ಆಟೋದವರು ಬರುವ ಮೂಲೆಯ ದರ್ಶಿನಿ ಹಳೆಯ ಲೆಕ್ಕದಲ್ಲೇ ನಡೆಯಬೇಕು. ಅಲ್ಲಿ ಇನ್ನು ಕಳೆಯಲು ಉಳಿದಿರುವುದು ಎರಡನೇ ಸಲ ಕೇಳದೆ ಸುರಿಯುತ್ತಿದ್ದ ಸಾಂಬಾರು. ಕೆಲವು ಕಡೆ ಅದಕ್ಕೂ ಈಗ ಬೇರೆ ಬಿಲ್ಲು.