ಧಾತು ಬರದ ಮಕ್ಕಳು: ಅನಾಥಾಲಯದ ದಾಖಲೆಗಳಲ್ಲಿ ಕುಲದ ಹುಡುಕಾಟ

ಹರಿಹರ ಮಹಾಕವಿಯ ‘ಬಸವರಾಜದೇವರ ರಗಳೆ’ಯ ಪ್ರಕಾರ ಬಸವಣ್ಣನವರು ಎಳವೆಯಲ್ಲಿಯೇ ತಾಯಿತಂದೆಯರನ್ನು ಕಳೆದುಕೊಂಡು ಅಜ್ಜಿಯ ಆರೈಕೆಯಲ್ಲಿ ಬೆಳೆದವರು. ನಂತರದ ಪುರಾಣಗಳು ಈ ಸಂಗತಿಯನ್ನು ಬೇರೆ ರೀತಿಯಲ್ಲಿ ನಿರೂಪಿಸಿದರೂ ಹರಿಹರನ ಮಾತು ಮನಸ್ಸಿನಲ್ಲಿ ಉಳಿಯುತ್ತದೆ. ತಬ್ಬಲಿಯಾದ ಮಗುವಿಗೆ ಮೊದಲು ಬೇಕಾದುದು ಅನ್ನ. ಆಮೇಲೆ ಬೇಕಾದುದು, ಆ ಮಗು ಯಾರದೆಂದು ಬಲ್ಲ, ಹೆಸರು ಹಿಡಿದು ಕರೆಯಬಲ್ಲ ಒಂದು ಹಿರಿಯ ಜೀವ. ಅಂತಹ ಜೀವವೂ ಇಲ್ಲವಾದಾಗ ಆ ಮಗುವಿನ ಗುರುತಿಗೆ ಆಧಾರವಾಗಿ ಉಳಿಯುವುದು ಎಲ್ಲಿಯೋ ಒಂದು ಪುಸ್ತಕದಲ್ಲಿ ಬರೆದಿಟ್ಟ ಒಂದು ಸಾಲು ಮಾತ್ರ.

ಬೆಂಗಳೂರಿನ ಪಶ್ಚಿಮಕ್ಕೆ, ಇಂದು ವಿಜಯನಗರದೊಡನೆ ಬೆರೆತುಹೋಗಿರುವ ಹೊಸಹಳ್ಳಿಯ ಸುತ್ತಮುತ್ತ ಮಾಗಡಿ, ನೆಲಮಂಗಲ, ಕುಣಿಗಲು, ತುಮಕೂರು ಸೀಮೆಗಳಿಂದ ಬಂದು ನೆಲೆಸಿದ ಮನೆತನಗಳು ಅನೇಕ. ಇಂತಹ ಮನೆತನಗಳ ಹಿರಿಯರ ಬಾಯಲ್ಲಿ ‘ಧಾತು ಬರ’ ಎಂಬ ಮಾತು ಕಾಲವನ್ನು ಅಳೆಯುವ ಗುರುತಾಗಿ ಬಹುಕಾಲ ಉಳಿದಿತ್ತು. ಬರದಲ್ಲಿ ಸತ್ತವರ ಲೆಕ್ಕ ಮನೆತನಕ್ಕೆ ಗೊತ್ತಿರುತ್ತದೆ. ಆದರೆ ಬರದಲ್ಲಿ ‘ಹೋದವರ’ ಲೆಕ್ಕ ಗೊತ್ತಿರುವುದಿಲ್ಲ. ಸತ್ತವರಿಗೆ ಗದ್ದುಗೆಯುಂಟು, ಸ್ಮರಣೆಯುಂಟು. ಊರು ಬಿಟ್ಟು ನಡೆದ ಗುಂಪಿನಲ್ಲಿ ಕೈತಪ್ಪಿದ ಮಗುವಿಗೆ ಇವೆರಡೂ ಇಲ್ಲ.

ಧಾತು ಸಂವತ್ಸರವೆಂದರೆ 1876-77; ಅದರ ಮುಂದಿನ ಈಶ್ವರ ಸಂವತ್ಸರ 1877-78. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1875ರಲ್ಲಿಯೇ ಕುಂದಿದ್ದ ಮಳೆ 1876ರಲ್ಲಿ ಪೂರ್ತಿಯಾಗಿ ಕೈಕೊಟ್ಟಿತು. ಕೆರೆಗಳು ಬತ್ತಿದವು, ರಾಗಿಯ ಹಗೇವುಗಳು ಬರಿದಾದವು. ಮದರಾಸಿನ ಕಡೆಯಿಂದ ರೈಲಿನಲ್ಲಿ ಬರುತ್ತಿದ್ದ ಧಾನ್ಯ ಬೆಂಗಳೂರಿನಲ್ಲಿ ಇಳಿಯುತ್ತಿದ್ದುದರಿಂದ ಹಸಿದ ಹಳ್ಳಿಗಳು ನಗರದ ಕಡೆಗೆ ನಡೆದವು. 1871ರ ಜನಗಣತಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಅಂದರೆ ಸುಮಾರು ಆರು ಮಂದಿಗೆ ಒಬ್ಬರಂತೆ ಜನ ಕಡಿಮೆಯಾದರು. ಹುಟ್ಟಬೇಕಾಗಿದ್ದು ಹುಟ್ಟದೆ ಹೋದ ಮಕ್ಕಳನ್ನು ಈ ಲೆಕ್ಕ ತೋರಿಸುವುದಿಲ್ಲ.

ಗಂಜಿ ಕೇಂದ್ರಗಳ ಬಳಿ, ದಾರಿಯ ಮಗ್ಗುಲಲ್ಲಿ ಸಿಕ್ಕ ತಬ್ಬಲಿ ಮಕ್ಕಳನ್ನು ಸರ್ಕಾರ ಏನು ಮಾಡಬೇಕು? ಅಂದು ಅವರನ್ನು ಸಾಕಲು ಮುಂದೆ ಬಂದವರಲ್ಲಿ ಕ್ರೈಸ್ತ ಮಿಷನ್ನುಗಳು ಪ್ರಮುಖ. ವೆಸ್ಲಿಯನ್ ಮಿಷನ್ನಿನವರು ಗಂಡುಮಕ್ಕಳಿಗಾಗಿ ತುಮಕೂರಿನಲ್ಲಿಯೂ ಹೆಣ್ಣುಮಕ್ಕಳಿಗಾಗಿ ಹಾಸನದಲ್ಲಿಯೂ ಅನಾಥಾಲಯಗಳನ್ನು ನಡೆಸಿದರು. ಪ್ಯಾರಿಸ್ಸಿನ ಫಾರಿನ್ ಮಿಷನ್ಸ್ ಸಂಘದ ಫ್ರೆಂಚ್ ಪಾದ್ರಿಗಳ ಕೈಯಲ್ಲಿದ್ದ ಕ್ಯಾಥೊಲಿಕ್ ಸಭೆ ಬರದ ಅನಾಥರಿಗಾಗಿ ಬೇಸಾಯದ ಊರುಗಳನ್ನೇ ಕಟ್ಟಿತು. ನೆಲಮಂಗಲದ ಕಡೆಯ ಸಿಲುವೆಪುರ ಮತ್ತು ಕನಕಪುರ ರಸ್ತೆಯ ಕಡೆಯ ಮರಿಯಾಪುರ ಅಂತಹವು. ಅಲ್ಲಿ ಬೆಳೆದ ಮಕ್ಕಳು ಪ್ರಾಯಕ್ಕೆ ಬಂದ ಮೇಲೆ ಮದುವೆಯಾಗಿ ಬೇಸಾಯ ಹಿಡಿದು ನೆಲೆನಿಂತರು. ಕರಾವಳಿಯಲ್ಲಿ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಮೂಲ್ಕಿಯಲ್ಲಿ ಹೆಣ್ಣುಮಕ್ಕಳ ಅನಾಥಾಲಯವನ್ನು ನಡೆಸಿತು. ಹೀಗೆ ಒಂದು ಮನೆತನದ ವಂಶಾವಳಿಯಿಂದ ಕಳಚಿಬಿದ್ದ ಮಗು ಇನ್ನೊಂದು ಪುಸ್ತಕದೊಳಗೆ ಪ್ರವೇಶ ಪಡೆಯಿತು. ಈ ಎರಡು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದುವುದೇ ಇಲ್ಲಿ ಸಂಶೋಧನೆಯ ಕೆಲಸ.

ಮೊದಲನೆಯ ಪುಸ್ತಕ ಮನೆತನದ್ದು. ಅದನ್ನು ಕಾಪಾಡಿಕೊಂಡು ಬಂದವರು ಹೆಳವರು. ಎತ್ತಿನ ಮೇಲೆ ಕುಳಿತು ಊರೂರು ತಿರುಗಿ, ಕೆಲವು ವರ್ಷಗಳಿಗೊಮ್ಮೆ ಒಕ್ಕಲುಮನೆಯ ಬಾಗಿಲಿಗೆ ಬಂದು, ಆ ಕುಲದ ಮೂಲಪುರುಷನಿಂದ ಮೊದಲುಗೊಂಡು ಹೆಸರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು ದಾನ ಪಡೆದು ಹೋಗುವವರು ಅವರು. ತಾಮ್ರಪಟ, ಓಲೆಗರಿ, ಆಮೇಲೆ ಕಾಗದದ ಪುಸ್ತಕ ಇವು ಅವರ ಆಸ್ತಿ. ಲಿಂಗಾಯತ, ಒಕ್ಕಲಿಗ, ಕುರುಬ ಮೊದಲಾದ ಸಮುದಾಯಗಳ ಚರಿತ್ರೆಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಅಪರೂಪ. ಮನೆತನ ಯಾವ ಊರಿನಿಂದ ಯಾವ ಊರಿಗೆ ಬಂದಿತು, ಯಾವ ಕವಲು ಎಲ್ಲಿ ನಿಂತುಹೋಯಿತು ಎಂಬುದು ಅಲ್ಲಿ ದೊರೆಯುತ್ತದೆ. ಅಣ್ಣತಮ್ಮಂದಿರ ಸಾಲಿನಲ್ಲಿ ಒಬ್ಬನ ಹೆಸರಿದ್ದು ಅವನ ಸಂತತಿಯ ಉಲ್ಲೇಖವಿಲ್ಲದಿದ್ದರೆ, ಆ ತಲೆಮಾರು ಬರದ ಕಾಲದ್ದಾಗಿದ್ದರೆ, ಹುಡುಕಾಟ ಅಲ್ಲಿಂದ ಆರಂಭವಾಗಬಹುದು. ಆದರೆ ಹೆಣ್ಣುಮಕ್ಕಳ ಹೆಸರು ಇಂತಹ ವಂಶಾವಳಿಗಳಲ್ಲಿ ಸಿಗುವುದು ಕಡಿಮೆ. ಕಳೆದುಹೋದ ಹೆಣ್ಣುಮಗು ಹೀಗೆ ಎರಡು ಸಲ ಕಳೆದುಹೋಗುತ್ತದೆ.

ಎರಡನೆಯ ಪುಸ್ತಕ ಸಂಸ್ಥೆಯದು. ಅದರಲ್ಲಿ ಮೂರು ಬಗೆ. ಸರ್ಕಾರದ ಕಡತಗಳು ಮೊದಲನೆಯವು. ಮೈಸೂರು ಸಂಸ್ಥಾನದ ಆಡಳಿತ ಕಡತಗಳು ವಿಧಾನಸೌಧದ ನೆರೆಯ ವಿಕಾಸಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿವೆ. ಹೊಸಹಳ್ಳಿಯ ಮೆಟ್ರೊ ನಿಲ್ದಾಣದಲ್ಲಿ ಹತ್ತಿದವರು ಐದನೆಯ ನಿಲ್ದಾಣದಲ್ಲಿ ಇಳಿದರೆ ಸಾಕು. ಬರದ ಕಮಿಷನರಾಗಿದ್ದ ಸಿ. ಎ. ಎಲಿಯಟ್ಟನ ವರದಿ ಹಾಗೂ 1878ರಲ್ಲಿ ಪ್ರಕಟವಾದ ವಿಲಿಯಂ ಡಿಗ್ಬಿಯ ಎರಡು ಸಂಪುಟಗಳು ಆ ಕಾಲದ ವ್ಯವಸ್ಥೆಯನ್ನು ತಿಳಿಸುತ್ತವೆ. ಇಂತಹ ಬರಹಗಳಲ್ಲಿ ಸಾಮಾನ್ಯವಾಗಿ ಸಿಗುವುದು ಸಂಖ್ಯೆ, ಖರ್ಚು, ಸಂಸ್ಥೆಯ ಹೆಸರು, ಮಗುವಿನ ಹೆಸರಲ್ಲ. ಆದರೂ ಯಾವ ತಾಲ್ಲೂಕಿನ ಮಕ್ಕಳು ಯಾವ ಸಂಸ್ಥೆಗೆ ಹೋಗಿರಬಹುದೆಂಬ ದಿಕ್ಕು ಇಲ್ಲಿಂದಲೇ ತಿಳಿಯಬೇಕು.

ಮಿಷನ್ನುಗಳ ಪತ್ರಗಳು ಮತ್ತು ವಾರ್ಷಿಕ ವರದಿಗಳು ಎರಡನೆಯವು. ವೆಸ್ಲಿಯನ್ ಮತ್ತು ಲಂಡನ್ ಮಿಷನ್ನುಗಳ ಮೂಲ ಪತ್ರಾಗಾರಗಳು ಲಂಡನ್ನಿನ ಸೋಆಸ್ ಗ್ರಂಥಾಲಯದಲ್ಲಿವೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರವೂ ಪ್ರಾಟೆಸ್ಟೆಂಟ್ ಸಭೆಗಳ ಹಳೆಯ ದಾಖಲೆಗಳನ್ನು ಇಟ್ಟುಕೊಂಡಿದೆ. ಬಾಸೆಲ್ ಮಿಷನ್ನಿನ ದಾಖಲೆಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿಯೂ ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿಯೂ ಇವೆ. ಬಾಸೆಲ್ಲಿನ ಹಳೆಯ ಛಾಯಾಚಿತ್ರಗಳನ್ನು ಅಂತರಜಾಲದಲ್ಲಿಯೇ ನೋಡಬಹುದು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಚರ್ಚುಗಳ ದೀಕ್ಷಾಸ್ನಾನ, ಮದುವೆ ಮತ್ತು ಮರಣದ ಪುಸ್ತಕಗಳು. ಇಲ್ಲಿ ವ್ಯಕ್ತಿಯ ಹೆಸರೇ ಸಿಗುತ್ತದೆ. ಆದರೆ ಓದುವವರು ಎಚ್ಚರದಿಂದಿರಬೇಕು. ಕ್ಯಾಥೊಲಿಕ್ ಪುಸ್ತಕಗಳ ಭಾಷೆ ಹೆಚ್ಚಾಗಿ ಲ್ಯಾಟಿನ್. ಕನ್ನಡದ ಹೆಸರುಗಳನ್ನು ಪರದೇಶದ ಕಿವಿ ಕೇಳಿ ರೋಮನ್ ಲಿಪಿಯಲ್ಲಿ ಬರೆದಿರುವುದರಿಂದ ಒಂದೇ ಹೆಸರಿಗೆ ಹಲವು ಕಾಗುಣಿತಗಳಿರಬಹುದು. ರಾಯಪ್ಪ, ಚಿನ್ನಪ್ಪ, ಅರುಳಪ್ಪ ಎಂಬ ಹೆಸರುಗಳನ್ನು ಕಂಡು ಇವು ಮಕ್ಕಳ ಮೊದಲ ಹೆಸರುಗಳೆಂದು ಭಾವಿಸುವಂತಿಲ್ಲ. ಅವು ಸಂತ ಪೇತ್ರ, ಸಂತ ಪೌಲ, ಸಂತ ಯೊವಾನ್ನರಿಗೆ ಈ ನಾಡಿನ ಕ್ಯಾಥೊಲಿಕರು ಬಳಸುತ್ತ ಬಂದ ಹೆಸರುಗಳು. ತಬ್ಬಲಿ ಮಗುವಿನ ವಯಸ್ಸು ಕಣ್ಣಳತೆಯದು. ಹಸಿವಿನಿಂದ ಬಾಡಿದ ಎಂಟು ವರ್ಷದ ಮಗು ಐದರದೆಂದು ಕಂಡಿರಬಹುದು. ಬರೆದಿರುವ ಊರು ಹುಟ್ಟಿದ ಊರಾಗಿರದೆ ಮಗು ಸಿಕ್ಕಿದ ಊರಾಗಿರಬಹುದು. ಮಗುವೇ ಹೇಳಿದ ಊರಿನ ಹೆಸರಾದರೂ ಅನುಮಾನ ತಪ್ಪಿದ್ದಲ್ಲ. ಹೊಸಹಳ್ಳಿ ಎಂಬ ಹೆಸರಿನ ಊರುಗಳೇ ನಾಡಿನಲ್ಲಿ ಎಷ್ಟಿಲ್ಲ!

ಆದುದರಿಂದ ಒಂದು ಹೆಸರು ಹೊಂದಿತೆಂದ ಮಾತ್ರಕ್ಕೆ ಸಂಬಂಧ ಸಿದ್ಧವಾಗುವುದಿಲ್ಲ. ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಮುತ್ತಜ್ಜನ ತಂಗಿಯೊಬ್ಬಳು ಬರದಲ್ಲಿ ಕಾಣೆಯಾದಳೆಂದು ಮನೆಯವರು ಹೇಳುತ್ತಾರೆ. ಮೊದಲು ಹಿರಿಯರ ಮಾತನ್ನು ಯಾರು, ಯಾರಿಂದ ಕೇಳಿದ್ದು ಎಂಬ ವಿವರದೊಡನೆ ಬರೆದಿಡಬೇಕು. ಬಳಿಕ ಹೆಳವರ ಪುಸ್ತಕ, ಮನೆಯ ಹಳೆಯ ಪತ್ರಗಳಿಂದ ಬರದ ಕಾಲದಲ್ಲಿ ಮನೆತನವಿದ್ದ ಊರನ್ನು ಖಚಿತಪಡಿಸಿಕೊಳ್ಳಬೇಕು. ಆ ಊರಿಗೆ ಹತ್ತಿರದ ಗಂಜಿ ಕೇಂದ್ರ, ಅಲ್ಲಿಂದ ಹತ್ತಿರದ ಅನಾಥಾಲಯ, ಆ ಅನಾಥಾಲಯದ 1877ರಿಂದ 1880ರ ವರೆಗಿನ ಪುಟಗಳು, ಅದರ ಹತ್ತು ಹನ್ನೆರಡು ವರ್ಷಗಳ ಮುಂದಿನ ಮದುವೆಯ ಪುಟಗಳು, ಹೀಗೆ ಹೆಜ್ಜೆ ಇಡಬೇಕು. ಊರು, ವಯಸ್ಸು, ತಂದೆಯ ಹೆಸರು ಈ ಮೂರರಲ್ಲಿ ಎರಡಾದರೂ ಸ್ವತಂತ್ರವಾಗಿ ಕೂಡಿಬಂದರೆ ‘ಇರಬಹುದು’ ಎನ್ನಬಹುದು. ‘ಹೌದು’ ಎನ್ನಲು ಇನ್ನೂ ಹೆಚ್ಚಿನ ಆಧಾರ ಬೇಕು. ಬಯಕೆಯನ್ನು ಸಾಕ್ಷಿಯೆಂದು ತಿಳಿಯುವುದು ಕಳೆದುಹೋದವರಿಗೂ ಮಾಡುವ ಅನ್ಯಾಯ. ಇನ್ನೊಂದು ಮನೆಯ ಮಗುವನ್ನು ನಮ್ಮದೆಂದು ಎತ್ತಿಕೊಂಡಂತೆ.

ಇಪ್ಪತ್ತನೆಯ ಶತಮಾನದಲ್ಲಿ ಮಠಗಳು ಈ ಹೊಣೆಯನ್ನು ವಿಶೇಷವಾಗಿ ವಹಿಸಿಕೊಂಡವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು 1917ರಲ್ಲಿ ಉಚಿತ ಪ್ರಸಾದ ನಿಲಯವನ್ನು ಆರಂಭಿಸಿದರು. ಪಂಚಾಕ್ಷರಿ ಗವಾಯಿಗಳ ಗದುಗಿನ ವೀರೇಶ್ವರ ಪುಣ್ಯಾಶ್ರಮ ಅಂಧರನ್ನೂ ಅನಾಥರನ್ನೂ ಸಂಗೀತದ ಮೂಲಕ ಬದುಕಿಸಿತು. ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೆ ಸಾವಿರಾರು ಮಕ್ಕಳಿಗೆ ಜಾತಿಮತಗಳ ಭೇದವಿಲ್ಲದೆ ಅನ್ನ, ಅಕ್ಷರ, ಆಶ್ರಯ ನೀಡಿದರು. ಇಂತಹ ನಿಲಯಗಳ ದಾಖಲಾತಿ ಪುಸ್ತಕಗಳೂ ಮುಂದೊಂದು ದಿನ ಯಾರಿಗೋ ತಾತನ ಗುರುತನ್ನು ಹೇಳಬೇಕಾದವು. ಅವನ್ನು ಗೆದ್ದಲಿಗೆ ಬಿಡದೆ ಕಾಪಾಡುವುದು ದಾಸೋಹದ ಕೆಲಸಗಳಲ್ಲಿ ಒಂದೆಂದು ಭಾವಿಸಬೇಕು.

ಹತ್ತಿರದ ಕಾಲದ ದಾಖಲೆಗಳಿಗೆ ಕಾನೂನಿನ ಮಿತಿಗಳಿವೆ. ಮಕ್ಕಳ ಪಾಲನಾ ಸಂಸ್ಥೆಗಳು 2015ರ ಬಾಲನ್ಯಾಯ ಕಾಯ್ದೆಗೆ ಒಳಪಟ್ಟಿವೆ. ದತ್ತು ಹೋದವರು ತಮ್ಮ ಮೂಲವನ್ನು ಹುಡುಕಲು 2022ರ ದತ್ತು ನಿಯಮಾವಳಿ ಅವಕಾಶ ಕೊಡುತ್ತದೆ. 18 ವರ್ಷ ತುಂಬಿದವರು ತಾವೇ ಅರ್ಜಿ ಹಾಕಬಹುದು. ಅದಕ್ಕಿಂತ ಕಿರಿಯರು ದತ್ತು ತಂದೆತಾಯಿಯರೊಡನೆ ಕೂಡಿ ಕೇಳಬೇಕು. ಆದರೆ ಮೂರನೆಯವರು ಅವರ ಪರವಾಗಿ ಹುಡುಕುವಂತಿಲ್ಲ. ಹೆತ್ತವರ ಗೋಪ್ಯತೆಯನ್ನು ಮುರಿಯುವಂತಿಲ್ಲ. ಹುಡುಕುವವರಿಗೆ ಇದು ಕಠಿಣವೆನಿಸಬಹುದು. ಆದರೆ ಮಗುವನ್ನು ಒಪ್ಪಿಸಿ ಹೋದ ತಾಯಿಯ ಮೌನಕ್ಕೂ ಒಂದು ಕಾರಣವಿರುತ್ತದೆ.

ಕೊನೆಗೆ ಒಂದು ಪ್ರಶ್ನೆ ಉಳಿಯುತ್ತದೆ. ಬಂದವನನ್ನು ಯಾರ ಮಗನೆಂದು ವಿಚಾರಿಸಿ ದೂರವಿಡಬಾರದೆಂದು ಕಲಿಸಿದವರು ಶರಣರು. ಅವರ ದಾರಿಯಲ್ಲಿ ನಡೆಯುವವರು ಕುಲದ ಹುಡುಕಾಟಕ್ಕೆ ಹೊರಡುವುದು ಸರಿಯೆ? ಉತ್ತರ ಕೇಳುವವರ ಮನಸ್ಸಿನಲ್ಲಿದೆ. ಹೊರಗಿಡಲು ಕೇಳುವ ಕುಲ ಬೇರೆ, ಒಳಗೆ ಕರೆಯಲು ಕೇಳುವ ಕುಲ ಬೇರೆ. ಹುಡುಕಾಟದ ಕೊನೆಯಲ್ಲಿ ಸಿಗುವವರು ಶಿಲುಬೆಯ ಮುಂದೆ ಮೊಂಬತ್ತಿ ಹಚ್ಚುವ ಒಂದು ಕುಟುಂಬವಾಗಿರಬಹುದು. ಆಗ ‘ಹೀಗೇಕೆ ಆದಿರಿ’ ಎಂದು ಕೇಳಲು ಹೋದವರು ಹುಡುಕದೆ ಇರುವುದೇ ಲೇಸು. ಹಸಿದ ಮಗುವಿಗೆ ಅಂದು ಅನ್ನವಿಟ್ಟವರ ಕೈಯನ್ನು ನೆನೆದು, ‘ನಿಮ್ಮ ಅಜ್ಜಿಯ ಮನೆ ಇದು’ ಎಂದು ಹೇಳಿ ಬರುವ ಶಕ್ತಿಯಿದ್ದರೆ, ನೂರೈವತ್ತು ವರ್ಷಗಳ ಹಿಂದೆ ಬರದ ದಾರಿಯಲ್ಲಿ ಕೈತಪ್ಪಿದ ಆ ಮಗು ಮರಳಿ ಮನೆಯ ಹೊಸ್ತಿಲನ್ನು ತುಳಿದಂತೆ.