ಕೋಲಾರದ ಗಣಿಗೆ ಇಳಿದ ಮುಂಬಯಿಯ ಅತಿಥಿಗಳು

ಕೆ.ಜಿ.ಎಫ್. ಅಂದರೆ ಈಗಿನ ಹುಡುಗರಿಗೆ 2018ರ ಸಿನೆಮಾ. ನಮ್ಮ ವಯಸ್ಸಿನವರಿಗೆ ಚಿನ್ನ. ಆದರೆ ಮುಂಬಯಿ ಕನ್ನಡಿಗರಾದ ನಾವು ನೆನೆಯಬೇಕಾದ ಇನ್ನೊಂದು ಕತೆ ಇದೆ.

ಕೆಲಸ ನಡೆಯುತ್ತಿರುವ ಗಣಿಗೆ ಹೊರಗಿನವರು ಗುಂಪಾಗಿ ಇಳಿಯುವುದು ಸುಲಭದ ಮಾತಲ್ಲ. ನಮ್ಮ ಬ್ಯಾಂಕಿನ ಲಾಕರ್ ಕೋಣೆಗೇ ರಿಜಿಸ್ಟರಿನಲ್ಲಿ ಸಹಿ ಬೇಕು, ಇನ್ನು ಗಣಿಯ ಮಾತೇನು! ಗಣಿಯ ಮ್ಯಾನೇಜರರ ಅನುಮತಿ, ಹೆಲ್ಮೆಟ್, ಬೂಟು, ತಲೆದೀಪ, ಜೊತೆಗೊಬ್ಬ ಅನುಭವಸ್ಥ. ಕೇಜಿನಲ್ಲಿ ಎಷ್ಟು ಜನಕ್ಕೆ ಜಾಗವೋ ಅಷ್ಟೇ ಜನ. ಇಳಿದವರ ಲೆಕ್ಕ, ಹತ್ತಿದವರ ಲೆಕ್ಕ ಸಂಜೆಗೆ ತಾಳೆಯಾಗಲೇಬೇಕು. ನಮ್ಮ ಕ್ಯಾಶ್ ಕೌಂಟರಿನಲ್ಲಿ ನೂರು ರೂಪಾಯಿ ಕಡಿಮೆ ಬಿದ್ದರೆ ಕೈಯಿಂದ ತುಂಬಬಹುದು. ಇಲ್ಲಿ ಕಡಿಮೆ ಬೀಳುವುದು ಮನುಷ್ಯ.

ಇಂಥ ಗಣಿಗೆ ದಶಕಗಟ್ಟಲೆ ಅತಿಥಿಗಳಾಗಿ ಹೋದವರು ಮುಂಬಯಿಯ ಟಾಟಾ ಇನ್‌ಸ್ಟಿಟ್ಯೂಟಿನ (ಟಿ.ಐ.ಎಫ್.ಆರ್.) ವಿಜ್ಞಾನಿಗಳು. ಶುರು ಮಾಡಿದವರು ನಂಜನಗೂಡಿನ ಬಿ.ವಿ. ಶ್ರೀಕಂಠನ್. 1951ರಲ್ಲಿ ಹೋಮಿ ಭಾಭಾ ಅವರನ್ನು ಅಲ್ಲಿಗೆ ಕಳಿಸಿದರು. ಆಕಾಶದಿಂದ ಬೀಳುವ ಕಾಸ್ಮಿಕ್ ಕಿರಣಗಳು ಬಂಡೆಯೊಳಗೆ ಎಷ್ಟು ದೂರ ಇಳಿಯುತ್ತವೆ ಎಂದು ಅಳೆಯುವ ಕೆಲಸ. ಆಳಕ್ಕೆ ಹೋದಷ್ಟೂ ಎಣಿಕೆ ಇಳಿಯುತ್ತಾ ಬಂತು. ಕೊನೆಗೆ ವಾರಗಟ್ಟಲೆ ಕಾದರೂ ಉಪಕರಣದಲ್ಲಿ ಒಂದೇ ಒಂದು ಕಣವೂ ದಾಖಲಾಗದಂಥ ಆಳ ಸಿಕ್ಕಿತು. ಬೇರೆಯವರಾದರೆ ಗಂಟುಮೂಟೆ ಕಟ್ಟುತ್ತಿದ್ದರೋ ಏನೋ. ಇವರಿಗೆ ಅದೇ ಬೇಕಿತ್ತು! ಅಷ್ಟೊಂದು ನಿಶ್ಶಬ್ದವಾದ ಜಾಗದಲ್ಲಿ ಮಾತ್ರ, ಭೂಮಿಯನ್ನೇ ತೂರಿ ಬರುವ ನ್ಯೂಟ್ರಿನೋದ ಸುಳಿವು ಹಿಡಿಯಬಹುದು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಕೆಳಗೆ, ಅದು ಸಿಕ್ಕಿತು. ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರೂ ಜೊತೆಗಿದ್ದರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲೂ ಬೇರೊಂದು ತಂಡ ಅದನ್ನು ಕಂಡಿತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು ಮೊದಲು ಕಂಡದ್ದು ಹೀಗೆ, ಎರಡು ಚಿನ್ನದ ಗಣಿಗಳಲ್ಲಿ.

ಇಷ್ಟೆಲ್ಲ ಸಾಧ್ಯವಾದದ್ದು ಯಾರಿಂದ? ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ, ತಳದಲ್ಲಿ ಬಂಡೆಯ ಶಾಖ 60 ಡಿಗ್ರಿಗೂ ಮೇಲೆ. ಒತ್ತಡಕ್ಕೆ ಬಂಡೆ ತಾನಾಗಿಯೇ ಸಿಡಿಯುವ ಭಯ ಬೇರೆ. ಗಾಳಿ ಕಳಿಸಿ, ನೀರು ಎತ್ತಿ, ಸುರಂಗ ಕಾಯ್ದವರು ಕಾರ್ಮಿಕರು. ವಿಜ್ಞಾನದ ಚರಿತ್ರೆಯಲ್ಲಿ ಅವರ ಹೆಸರಿಲ್ಲ. ನನಗಂತೂ ಇದು ಅನ್ಯಾಯವೆನಿಸುತ್ತದೆ.

ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನೇ ಮೀರಿತು. 1990ರ ದಶಕದ ಮೊದಲಲ್ಲಿ ಪ್ರಯೋಗ ನಿಂತಿತು, 2001ರ ಫೆಬ್ರವರಿ 28ರಂದು ಗಣಿಯೂ ಮುಚ್ಚಿತು. ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಲೆಕ್ಕಪತ್ರದ ದೃಷ್ಟಿಯಿಂದ ಮುಚ್ಚಿದ್ದು ತಪ್ಪೆನ್ನಲಾರೆ. ಆದರೆ ಆ ಆಳಕ್ಕೆ ಯಾವ ಲೆಡ್ಜರಿನಲ್ಲೂ ಬೆಲೆ ಕಟ್ಟಿರಲಿಲ್ಲ. ಅಂಥದೇ ನೆಲೆಯೊಂದನ್ನು ಕಟ್ಟಲು ತಮಿಳುನಾಡಿನ ತೇನಿ ಜಿಲ್ಲೆಯ ಬೆಟ್ಟವೊಂದನ್ನು ಆರಿಸಿಕೊಂಡು, 2015ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆಯನ್ನೂ ಕೊಟ್ಟಿತು. ಸ್ಥಳೀಯರ ವಿರೋಧ ಎದ್ದು, ಆ ಕೆಲಸ ಅಲ್ಲೇ ತಡೆಯಿತು.