ಮೊದಲು ಊಟದ ಹೊತ್ತು, ಆಮೇಲೆ ಯೋಚನೆ

ಸಿಬಿಟಿ ಎಂದರೆ ತಲೆಯಲ್ಲಿರುವ ಕೆಟ್ಟ ಯೋಚನೆ ತೆಗೆದು ಒಳ್ಳೆಯದನ್ನು ತುಂಬುವುದು ಎಂಬ ತಿಳಿವಳಿಕೆ ಈಗ ಎಲ್ಲೆಡೆ ಹಬ್ಬಿದೆ. ಮೊಬೈಲ್ ಆ್ಯಪ್‌ಗಳೂ ಎರಡು ದಿನದ ಕಾರ್ಯಾಗಾರಗಳೂ ಇದನ್ನೇ ಮಾರುತ್ತಿವೆ. ಊಟಕ್ಕೆ ಸಂಬಂಧಿಸಿದ ಮನೋರೋಗಗಳ ಮಟ್ಟಿಗಂತೂ ಇದು ಪೂರಾ ತಲೆಕೆಳಗಾದ ಮಾತು. ವಯಸ್ಕ ರೋಗಿಗಳಿಗಾಗಿ ನಾಲ್ಕು ದಶಕಗಳಿಂದ ಬೆಳೆದುಬಂದ ಈ ಅರಿವು-ವರ್ತನಾ ಚಿಕಿತ್ಸೆ ಮೊದಲು ಕೈಹಾಕುವುದು ಊಟದ ಹೊತ್ತಿಗೆ.

ಹಳೆಯ ಕಥೆ ಚಿಕ್ಕದು. 1873ರಲ್ಲಿ ವೈದ್ಯರಾದ ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಶಾರ್ಲ್ ಲಸೇಗ್, ಊಟ ಬಿಟ್ಟು ಮೈ ಸೊರಗಿಸಿಕೊಳ್ಳುವ ಅನೊರೆಕ್ಸಿಯಾ ರೋಗವನ್ನು ಬೇರೆಬೇರೆಯಾಗಿ ವಿವರಿಸಿದರು. ಮುಂದಿನ ನೂರು ವರ್ಷ ಆಸ್ಪತ್ರೆಯ ಹಾಸಿಗೆ, ಒತ್ತಾಯದ ಊಟ, ಮನೋವಿಶ್ಲೇಷಣೆಗಳಲ್ಲೇ ಕಳೆಯಿತು. ಮನೋವೈದ್ಯೆ ಹಿಲ್ಡೆ ಬ್ರುಕ್ 1978ರ ‘ದ ಗೋಲ್ಡನ್ ಕೇಜ್’ ಪುಸ್ತಕದಲ್ಲಿ ರೋಗಿಗಳ ಒಳಗುದಿಯನ್ನು ಓದುಗರ ಮುಂದಿಟ್ಟರು.

ನಿಜವಾದ ತಿರುವು 1979ರದು. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಜೆರಾಲ್ಡ್ ರಸೆಲ್, ಗಬಗಬನೆ ಮಿತಿಮೀರಿ ತಿಂದು ವಾಂತಿ ಮಾಡಿಕೊಳ್ಳುವ 30 ರೋಗಿಗಳನ್ನು ವಿವರಿಸಿ, ಆ ಸ್ಥಿತಿಗೆ ಬುಲಿಮಿಯಾ ನರ್ವೋಸಾ ಎಂದು ಹೆಸರಿಟ್ಟರು. ಇದು ಬಗ್ಗುವ ಕಾಯಿಲೆಯಲ್ಲ ಎಂಬುದು ಅವರ ಅಂದಾಜು. ಎರಡೇ ವರ್ಷದಲ್ಲಿ ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ಸಿಬಿಟಿ ಪಡೆದ 11 ರೋಗಿಗಳ ವರದಿ ಪ್ರಕಟಿಸಿದರು. ಅವರಲ್ಲಿ 9 ಮಂದಿಗೆ ಚಿಕಿತ್ಸೆಯ ನಂತರ ತಿಂದು ವಾಂತಿ ಮಾಡುವ ಪ್ರಸಂಗಗಳು ತಿಂಗಳಿಗೆ ಒಂದಕ್ಕಿಂತ ಕಡಿಮೆಯಾಗಿದ್ದವು. ರೋಗ ಅಪರೂಪದ್ದೇನಾಗಿರಲಿಲ್ಲ. ‘ಕಾಸ್ಮೊಪಾಲಿಟನ್’ ಪತ್ರಿಕೆಯಲ್ಲಿ ಹಾಕಿದ ಒಂದು ಪ್ರಕಟಣೆಗೆ ಉತ್ತರಿಸಿದವರಲ್ಲಿ ಬುಲಿಮಿಯಾದ ಲಕ್ಷಣವಿದ್ದ ಮಹಿಳೆಯರೇ 499 ಮಂದಿ. ಗುಟ್ಟಾಗಿದ್ದುದರಿಂದ ವೈದ್ಯರ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ.

ಫೇರ್‌ಬರ್ನ್ ಲೆಕ್ಕಾಚಾರ ಸರಳವಾಗಿತ್ತು. ತನ್ನ ಬೆಲೆಯನ್ನೆಲ್ಲ ತೂಕ ಮತ್ತು ಮೈಕಟ್ಟಿನಿಂದಲೇ ಅಳೆಯುವಾಕೆ ಕಟ್ಟುನಿಟ್ಟಿನ ಪಥ್ಯ ಹಿಡಿಯುತ್ತಾಳೆ. ಹಸಿದ ದೇಹ ಒಂದು ಸಂಜೆ ಆ ಕಟ್ಟು ಮುರಿಯುತ್ತದೆ. ತಿಂದದ್ದಕ್ಕೆ ಹೆದರಿ ವಾಂತಿ. ಮರುದಿನ ಇನ್ನೂ ಬಿಗಿಯಾದ ಪಥ್ಯ. ಈ ಸುತ್ತನ್ನು ಒಡೆಯಲು ರೋಗಿಯ ಕೈಗೆ ಕೊಡುವುದು ಒಂದು ಹಾಳೆ. ಎಷ್ಟು ಹೊತ್ತಿಗೆ, ಏನು, ಎಲ್ಲಿ ತಿಂದದ್ದು, ಅತಿಯಾಯಿತೆನಿಸಿದರೆ ಒಂದು ನಕ್ಷತ್ರದ ಗುರುತು, ವಾಂತಿಯೋ ಭೇದಿ ಮಾತ್ರೆಯೋ, ಆಗ ಮನಸ್ಸಿನಲ್ಲಿ ಏನಿತ್ತು. ರಾತ್ರಿ ಕೂತು ನೆನಪಿನಿಂದ ಬರೆದರೆ ನಡೆಯದು, ತಿಂದಾಗಲೇ ಬರೆಯಬೇಕು. ಜೊತೆಗೆ ದಿನಕ್ಕೆ ಮೂರು ಊಟ, ನಡುವೆ ಎರಡು ತಿಂಡಿ. ನಾಲ್ಕು ತಾಸಿಗಿಂತ ಹೆಚ್ಚು ಹೊಟ್ಟೆ ಖಾಲಿ ಬಿಡುವಂತಿಲ್ಲ. ತೂಕ ನೋಡುವುದು ವಾರಕ್ಕೊಮ್ಮೆ, ಥೆರಪಿಸ್ಟರ ಎದುರಿಗೇ. ಮನೆಯಲ್ಲಿ ತಕ್ಕಡಿ ಹತ್ತುವ ಹಾಗಿಲ್ಲ. ಹೊತ್ತಿಗೆ ಸರಿಯಾಗಿ ತಿನ್ನತೊಡಗಿದ ಕೆಲವೇ ವಾರಗಳಲ್ಲಿ ಬಹಳ ಜನರಿಗೆ ಆ ಸಂಜೆಯ ಮುಕ್ಕುವಿಕೆ ಇಳಿಯುತ್ತದೆ. ಯೋಚನೆಯ ಸರದಿ ಆಮೇಲೆ.

ಎದುರಾಳಿಗಳೂ ಇದ್ದರು. 2000ದಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಸ್ಟುವರ್ಟ್ ಆ್ಯಗ್ರಸ್ ತಂಡ 220 ಮಂದಿಯಲ್ಲಿ ಸಿಬಿಟಿಯನ್ನು ವ್ಯಕ್ತಿಸಂಬಂಧ ಚಿಕಿತ್ಸೆಯೊಂದಿಗೆ ಹೋಲಿಸಿತು. ಚಿಕಿತ್ಸೆ ಮುಗಿದಾಗ ಸಿಬಿಟಿ ಬಹಳ ಮುಂದಿತ್ತು. ವರ್ಷದ ಹೊತ್ತಿಗೆ ಅಂತರ ಹೆಚ್ಚೇನೂ ಉಳಿಯಲಿಲ್ಲ. ಆ ಎರಡನೇ ಮಾತನ್ನೇ ಹಿಡಿದು ವಾದಿಸುವವರು, ವರ್ಷವಿಡೀ ವಾಂತಿ ಮಾಡುತ್ತ ಕಾಯಬೇಕಾದವಳನ್ನು ಮರೆಯುತ್ತಾರೆ. ಕೋಪನ್‌ಹೇಗನ್ನಿನಲ್ಲಿ ಮನೋವಿಶ್ಲೇಷಣೆಯ ಪಕ್ಷದವರೇ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಿಬಿಟಿಯ 20 ಸೆಷನ್‌ಗಳ ನಂತರ ಶೇಕಡಾ 42 ಮಂದಿ ಬುಲಿಮಿಯಾದ ಪ್ರಸಂಗಗಳಿಂದ ಪೂರ್ತಿ ಹೊರಬಂದಿದ್ದರು. ಎರಡು ವರ್ಷ ವಿಶ್ಲೇಷಣೆಗೆ ಕೂತವರಲ್ಲಿ ಆ ಪ್ರಮಾಣ ಶೇಕಡಾ 15. ತಮ್ಮ ವಿರುದ್ಧವೇ ಬಂದ ಫಲಿತಾಂಶವನ್ನು ಮುಚ್ಚಿಡದ ಆ ಸಂಶೋಧಕರ ಪ್ರಾಮಾಣಿಕತೆ ಈ ಕ್ಷೇತ್ರದಲ್ಲಿ ಅಪರೂಪ.

ಅಷ್ಟರೊಳಗೆ ಫೇರ್‌ಬರ್ನ್, ಜಾಫ್ರಾ ಕೂಪರ್, ರೋಜ್ ಶಫ್ರಾನ್ 2003ರಲ್ಲಿ ಹೊಸ ಹೆಜ್ಜೆ ಇಟ್ಟಿದ್ದರು. ಅನೊರೆಕ್ಸಿಯಾ, ಬುಲಿಮಿಯಾ ಎಂದು ಗೋಡೆ ಕಟ್ಟಬೇಕಿಲ್ಲ, ಎರಡನ್ನೂ ಜೀವಂತವಾಗಿಡುವ ತಿರುಳು ಒಂದೇ ಎಂಬುದು ಅವರ ವಾದ. ಸಿಬಿಟಿಯ ವಿಸ್ತರಿತ ರೂಪವಾದ ಸಿಬಿಟಿ-ಇ ಹುಟ್ಟಿದ್ದು ಹೀಗೆ: ಸಾಮಾನ್ಯವಾಗಿ 20 ವಾರಕ್ಕೆ 20 ಸೆಷನ್, ತೂಕ ತೀರಾ ಇಳಿದವರಿಗೆ ಸುಮಾರು 40. ತೂಕ ತೀರಾ ಇಳಿಯದ 154 ಮಂದಿಯ ಮೇಲಿನ 2009ರ ಪ್ರಯೋಗದಲ್ಲಿ ಸರಿಸುಮಾರು ಅರ್ಧದಷ್ಟು ಜನ ಚೆನ್ನಾಗಿ ಚೇತರಿಸಿಕೊಂಡರು.

ಉಳಿದರ್ಧ? ಆ ಪ್ರಶ್ನೆಗೆ ಉತ್ಸಾಹಿಗಳ ಬಳಿ ಉತ್ತರ ಕಡಿಮೆ. ವಯಸ್ಕರ ಅನೊರೆಕ್ಸಿಯಾದಲ್ಲಂತೂ ಸಿಬಿಟಿಯ ಹೆಗ್ಗಳಿಕೆ ಇನ್ನೂ ತಗ್ಗುತ್ತದೆ. 2014ರ ಜರ್ಮನಿಯ ಪ್ರಯೋಗದಲ್ಲಿ 242 ರೋಗಿಗಳಿಗೆ ಸಿಬಿಟಿಯೂ ಸೇರಿ ಮೂರು ಬಗೆಯ ಚಿಕಿತ್ಸೆ ಕೊಟ್ಟರೂ ಚಿಕಿತ್ಸೆ ಮುಗಿದಾಗ ತೂಕದ ಏರಿಕೆ ಹೆಚ್ಚುಕಮ್ಮಿ ಒಂದೇ. ಇನ್ನೊಂದು ತೊಂದರೆ ಚಿಕಿತ್ಸಕರದೇ. ಸಿಬಿಟಿ ಮಾಡುತ್ತೇವೆಂದು ಹೇಳಿಕೊಂಡು ಹಾಳೆ, ತೂಕ, ಊಟದ ವೇಳೆಗಳನ್ನು ಕೈಬಿಟ್ಟು ಬರೇ ಮಾತಿಗೆ ಜಾರುವವರ ಬಗ್ಗೆ ಮನಶ್ಶಾಸ್ತ್ರಜ್ಞ ಗ್ಲೆನ್ ವಾಲರ್ 2009ರಲ್ಲೇ ಎಚ್ಚರಿಸಿದ್ದರು. ರೋಗಿ ಬೇಸರಪಟ್ಟಾಳೆಂಬ ಅಳುಕು ಅನೇಕ ವೇಳೆ ಚಿಕಿತ್ಸಕರ ಅಳುಕೇ.

ಇದಕ್ಕಿಂತ ದೊಡ್ಡ ಬಿರುಕು ಪೂರ್ವದಲ್ಲಿ ಕಾಣಿಸಿತು. ಹಾಂಗ್‌ಕಾಂಗಿನ ಮನೋವೈದ್ಯ ಸಿಂಗ್ ಲೀ 1993ರಲ್ಲಿ ವರದಿ ಮಾಡಿದ 70 ಅನೊರೆಕ್ಸಿಯಾ ರೋಗಿಗಳಲ್ಲಿ ಬಹಳಷ್ಟು ಮಂದಿಗೆ ದಪ್ಪಗಾಗುವ ಭಯವೇ ಇರಲಿಲ್ಲ. ಹೊಟ್ಟೆ ಉಬ್ಬರ, ಹಸಿವಿಲ್ಲ ಎನ್ನುತ್ತಿದ್ದರು. 1995ರಲ್ಲಿ ಭಾರತದ ಮನೋವೈದ್ಯರು ವಿವರಿಸಿದ ಐವರು ಯುವತಿಯರಲ್ಲೂ ಪಶ್ಚಿಮದ ಪುಸ್ತಕಗಳು ಹೇಳುವ ಮೈಕಟ್ಟಿನ ಗೊಂದಲ ಕಾಣಲಿಲ್ಲ. ಮೈಕಟ್ಟಿನ ಚಿಂತೆಯೇ ತಿರುಳೆನ್ನುವ ಚಿಕಿತ್ಸೆ ಇಂಥವರೆದುರು ಏನು ಹಿಡಿದು ಎಳೆಯಬೇಕು?

ಮೈಸೂರಿನ ವಿದ್ಯಾರ್ಥಿಗಳಲ್ಲಿ ಈ ರೋಗಗಳು ಎಷ್ಟಿವೆ ಎಂಬ ಅಧ್ಯಯನವೊಂದು 2018ರಲ್ಲಿ ಪ್ರಕಟವಾದ ಮೇಲೂ ನಮ್ಮಲ್ಲಿ ಇವನ್ನು ಶ್ರೀಮಂತರ ಮನೆಯ ಹುಡುಗಿಯರ ಖಯಾಲಿ ಎನ್ನುವವರಿದ್ದಾರೆ. ಚಿಕಿತ್ಸೆಯೂ ಶ್ರೀಮಂತರಿಗಷ್ಟೇ ಎಟುಕುವಂಥದ್ದಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ 2017ರ ಮಾರ್ಗಸೂಚಿ ಬುಲಿಮಿಯಾದ ವಯಸ್ಕರಿಗೆ ಮೊದಲು ಸೂಚಿಸುವುದು ಒಂದು ಸ್ವಸಹಾಯ ಪುಸ್ತಕ ಮತ್ತು ತರಬೇತಿ ಪಡೆದ ಒಬ್ಬರೊಡನೆ ಇಪ್ಪತ್ತು ನಿಮಿಷದ ನಾಲ್ಕರಿಂದ ಒಂಬತ್ತು ಭೇಟಿ. ಇದಕ್ಕೆ ದೊಡ್ಡ ಆಸ್ಪತ್ರೆ ಬೇಕಿಲ್ಲ. ತಜ್ಞರಲ್ಲದವರಿಗೆ ತರಬೇತಿ ಕೊಟ್ಟು ಮಾನಸಿಕ ಆರೈಕೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯಬಹುದೆಂದು ನಿಮ್ಹಾನ್ಸ್ ಬಳ್ಳಾರಿಯಲ್ಲಿ 1980ರ ದಶಕದಲ್ಲೇ ತೋರಿಸಿತ್ತು. ಆದರೆ ಹಾಳೆಯನ್ನು ಇಲ್ಲಿಯ ಅಡುಗೆಮನೆಗೆ ಹೊಂದಿಸಬೇಕು. ಅಮ್ಮನೋ ಅತ್ತೆಯೋ ಬಡಿಸುವ ಮನೆಯಲ್ಲಿ ಎಷ್ಟು ತಿಂದೆ ಎನ್ನುವುದರ ಜೊತೆಗೆ ಯಾರು ಬಡಿಸಿದರು ಎಂದೂ ಕೇಳಬೇಕು. ಏಕಾದಶಿ, ಸಂಕಷ್ಟಿ, ರಂಜಾನ್‌ಗಳಿಗೂ ಒಂದು ಕಾಲಂ ಬೇಕು. ಮನೆಯವರೆಲ್ಲ ಉಪವಾಸ ಬಿಟ್ಟ ಮೇಲೂ ಈಕೆ ಬಿಟ್ಟಳೇ ಎಂಬುದನ್ನು ಅದರಲ್ಲೇ ಬರೆಸಬೇಕು.